ಹೆಪ್ಪೋ, ರಕ್ತಸ್ರಾವವೋ? ಲಕ್ವದ ಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆ

ಪ್ರಥಮ ಪಿಯುಸಿಯಲ್ಲಿ ರಕ್ತ ಪರಿಚಲನೆಯ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. "ಸರ್, ಹಾರ್ಟ್ ಅಟ್ಯಾಕ್ ಆದರೆ ತಾಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಡ್ತಾರಲ್ಲ, ಲಕ್ವ ಹೊಡೆದವರಿಗೂ ಅದೇ ಇಂಜೆಕ್ಷನ್ ಯಾಕೆ ಕೊಡಬಾರದು?"

ಒಳ್ಳೆಯ ಪ್ರಶ್ನೆ. ನಮ್ಮ ರಾಜ್ಯದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೆ ಬಂದ ರೋಗಿಯ ಇಸಿಜಿ ತೆಗೆಯುತ್ತಾರೆ. ಅದನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೂಡಲೇ ಓದಲಾಗುತ್ತದೆ. ದೊಡ್ಡ ಹೃದಯಾಘಾತವೆಂದು ತಿಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದೇ ಟೆನೆಕ್ಟೆಪ್ಲೇಸ್ ಮೆದುಳಿನ ಆಘಾತಕ್ಕೂ ಮದ್ದು. ಔಷಧಿ ಒಂದೇ ಆದರೂ ಕೊಡುವ ಮುಂಚೆ ಉತ್ತರ ಸಿಗಬೇಕಾದ ಪ್ರಶ್ನೆ ಬೇರೆ.

ನಾವು 'ಲಕ್ವ' ಅಥವಾ 'ಪಾರ್ಶ್ವವಾಯು' ಎಂದು ಒಂದೇ ಹೆಸರಿನಿಂದ ಕರೆಯುವ ಸ್ಥಿತಿಯೊಳಗೆ ಒಂದಕ್ಕೊಂದು ವಿರುದ್ಧವಾದ ಎರಡು ಕಾಯಿಲೆಗಳಿವೆ. ಒಂದರಲ್ಲಿ ಮೆದುಳಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡು ರಕ್ತದ ಹರಿವು ನಿಲ್ಲುತ್ತದೆ. ಇನ್ನೊಂದರಲ್ಲಿ ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಸುರಿಯುತ್ತದೆ. ಹೆಚ್ಚಿನ ಪ್ರಕರಣಗಳು ಮೊದಲನೆಯ ಬಗೆಯವು. ಪಾಶ್ಚಾತ್ಯ ದೇಶಗಳಲ್ಲಿ ನೂರರಲ್ಲಿ ಸುಮಾರು 85 ಹೆಪ್ಪಿನಿಂದಲೇ ಆಗುತ್ತವೆ ಎನ್ನುತ್ತಾರೆ. ಏಷ್ಯಾದ ದೇಶಗಳಲ್ಲಿ ರಕ್ತಸ್ರಾವದ ಪಾಲು ಅದಕ್ಕಿಂತ ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ: ಬಾಯಿ ಸೊಟ್ಟಗಾಗುತ್ತದೆ, ಕೈ ಬೀಳುತ್ತದೆ, ಮಾತು ತೊದಲುತ್ತದೆ. ರಕ್ತಸ್ರಾವದಲ್ಲಿ ತಲೆನೋವು, ವಾಂತಿ ಹೆಚ್ಚು ಎಂಬುದು ನಿಜ. ಆದರೆ ಅದನ್ನೇ ನಂಬಿ ಎಷ್ಟೇ ಅನುಭವಿ ವೈದ್ಯರೂ ಮದ್ದು ಕೊಡುವುದಿಲ್ಲ. ಮೊದಲನೆಯವರಿಗೆ ಜೀವ ಉಳಿಸುವ ಚುಚ್ಚುಮದ್ದು ಎರಡನೆಯವರ ಜೀವ ತೆಗೆಯಬಹುದು.

ಹೃದಯಕ್ಕೆ ಇಸಿಜಿಯ ಕಾಗದ ಸಾಕಾಯಿತು. ಮೆದುಳಿಗೆ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆ ಸ್ಕ್ಯಾನನ್ನು ಓದಬಲ್ಲವರು ಬೇಕು, ಅದೂ ಕೂಡಲೇ ಬೇಕು. ಕೃತಕ ಬುದ್ಧಿಮತ್ತೆಗೆ ಕೆಲಸ ಸಿಕ್ಕಿರುವುದು ಈ 'ಕೂಡಲೇ' ಎಂಬಲ್ಲಿ.

ಎಷ್ಟು ಕೂಡಲೇ?

ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ 2006ರಲ್ಲಿ ಒಂದು ಲೆಕ್ಕ ಹಾಕಿದರು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡು ಚಿಕಿತ್ಸೆ ಸಿಗದೇ ಹೋದರೆ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ. ನಮ್ಮ ಒಂದು ಗಂಟೆಯ ಪೀರಿಯಡ್ ಮುಗಿಯುವಷ್ಟರಲ್ಲಿ 11 ಕೋಟಿ 40 ಲಕ್ಷ. ಇದು ಸರಾಸರಿ ಮಾತ್ರ, ಒಬ್ಬೊಬ್ಬರಲ್ಲಿ ವೇಗ ಒಂದೊಂದು ತರಹ. ಆದರೂ ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ಓದಿ.

ಹೆಪ್ಪು ಕರಗಿಸುವ ಮದ್ದು ಮೂರು ಗಂಟೆಯೊಳಗೆ ಕೊಟ್ಟರೆ ಫಲ ಕೊಡುತ್ತದೆ ಎಂದು 1995ರಲ್ಲಿ ಅಮೆರಿಕದ ಒಂದು ಪ್ರಯೋಗ ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗವೊಂದು ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ರಕ್ತಸ್ರಾವದ ರೋಗಿಗೂ ಕಾಯುವಷ್ಟು ಸಮಯವಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಗಡ್ಡೆ ಬೆಳೆಯುತ್ತಾ ಹೋಗಬಹುದು. ಬೇಗ ಗೊತ್ತಾದರೆ ರಕ್ತದೊತ್ತಡ ಇಳಿಸಬಹುದು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಅದರ ಪರಿಣಾಮ ತಗ್ಗಿಸುವ ಮದ್ದು ಕೊಡಬಹುದು, ಬೇಕಾದವರಿಗೆ ಶಸ್ತ್ರಚಿಕಿತ್ಸೆ ಮಾಡಬಹುದು.

ಚಿತ್ರವಲ್ಲ, ಸಂಖ್ಯೆಗಳು

ಯಂತ್ರ ಸ್ಕ್ಯಾನನ್ನು 'ನೋಡುತ್ತದೆ' ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದಕ್ಕೆ ಕಣ್ಣಿಲ್ಲ. ಏನು ನಡೆಯುತ್ತದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಎಂದರೇನು ಎಂಬಲ್ಲಿಂದ ಹೊರಡಬೇಕು.

ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಸ್ಕ್ಯಾನ್ ಮಾಡಲಾಯಿತು. 1979ರಲ್ಲಿ ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರಿಗೂ ವೈದ್ಯಕೀಯ ನೊಬೆಲ್ ಬಂತು. ಎಕ್ಸ್-ರೇ ಕಿರಣಗಳನ್ನು ಸುತ್ತಲಿನ ಎಲ್ಲ ಕೋನಗಳಿಂದ ಹಾಯಿಸಿ, ಒಳಗಿನ ಪ್ರತಿಯೊಂದು ಬಿಂದು ಎಷ್ಟು ಕಿರಣವನ್ನು ತಡೆಯಿತು ಎಂದು ಲೆಕ್ಕ ಹಾಕುವುದೇ ಸಿ.ಟಿ. ಪ್ರತಿ ಬಿಂದುವಿಗೂ ಸಿಗುವ ಆ ಸಂಖ್ಯೆಗೆ ಈಗ ಹೌನ್ಸ್‌ಫೀಲ್ಡ್ ಅವರದ್ದೇ ಹೆಸರು. ಆ ಮಾನದಲ್ಲಿ ನೀರು 0, ಗಾಳಿ -1000. ಮೆದುಳಿನ ಅಂಗಾಂಶ ಸುಮಾರು 20ರಿಂದ 40. ಹೊಸದಾಗಿ ಸೋರಿ ಹೆಪ್ಪುಗಟ್ಟಿದ ರಕ್ತ ಸುಮಾರು 50ರಿಂದ 80. ಮೂಳೆ ಹಲವು ನೂರರಿಂದ ಸಾವಿರದಾಚೆಗೆ.

ಈಗ ಯೋಚಿಸಿ. ರಕ್ತಸ್ರಾವ ಮೆದುಳಿಗಿಂತ ಬಿಳಿಯಾಗಿ ಕಾಣುತ್ತದೆ, ದೊಡ್ಡದಾಗಿದ್ದರೆ ನೀವೂ ಗುರುತಿಸುತ್ತೀರಿ. ಆದರೆ ಮೂಳೆಯ ಪಕ್ಕದಲ್ಲೇ ಅಂಟಿಕೊಂಡ ತೆಳುವಾದ ರಕ್ತದ ಪದರ ಮೂಳೆಯ ಬಿಳುಪಿನಲ್ಲಿ ಅಡಗಿಬಿಡುತ್ತದೆ. ಹೆಪ್ಪಿನಿಂದ ಆದ ಆಘಾತವಂತೂ ಮೊದಲ ಗಂಟೆಗಳಲ್ಲಿ ಕೆಲವೇ ಅಂಕಗಳಷ್ಟು ಬದಲಾವಣೆ ತರುತ್ತದೆ, ಸ್ಕ್ಯಾನ್ ಸಂಪೂರ್ಣ ಸಹಜವೆಂದು ಕಂಡರೂ ಆಶ್ಚರ್ಯವಿಲ್ಲ. ಒಂದು ಪದರದಲ್ಲಿ 512 × 512, ಅಂದರೆ 2,62,144 ಸಂಖ್ಯೆಗಳು. ಮೂವತ್ತು ಪದರಗಳಿದ್ದರೆ 78 ಲಕ್ಷಕ್ಕೂ ಹೆಚ್ಚು. ಈ ಸಂಖ್ಯೆಗಳ ರಾಶಿಯಲ್ಲಿ ರಕ್ತಸ್ರಾವದ ವಿನ್ಯಾಸ ಎಲ್ಲಾದರೂ ಇದೆಯೇ ಎಂದು ಕೆಲವೇ ನಿಮಿಷಗಳಲ್ಲಿ ಜಾಲಾಡಿ ಹೇಳುವುದೇ ಯಂತ್ರದ ಕೆಲಸ.

ಅದು ಕಲಿಯುವುದು ಹೇಗೆ? ಇದಕ್ಕೆ ಭಾರತದ್ದೇ ಒಳ್ಳೆಯ ಉದಾಹರಣೆಯಿದೆ. ಮುಂಬೈಯ ಕ್ಯೂರ್.ಎಐ ಸಂಸ್ಥೆಯವರು ದೇಶದ ಸುಮಾರು 20 ಕೇಂದ್ರಗಳಿಂದ 3,13,318 ತಲೆಯ ಸಿ.ಟಿ. ಸ್ಕ್ಯಾನ್‌ಗಳನ್ನು ಅವುಗಳ ವರದಿಗಳ ಸಮೇತ ಸಂಗ್ರಹಿಸಿದರು. ಅವುಗಳಲ್ಲಿ ಒಂದು ಭಾಗವನ್ನು ಪರೀಕ್ಷೆಗೆಂದು ಪ್ರತ್ಯೇಕವಾಗಿಟ್ಟು ಉಳಿದವುಗಳಿಂದ ಯಂತ್ರಕ್ಕೆ ಕಲಿಸಿದರು. ಯಂತ್ರ ಊಹಿಸುತ್ತದೆ, ವರದಿಯ ಜೊತೆ ತಾಳೆ ನೋಡಲಾಗುತ್ತದೆ, ತಪ್ಪಿದ್ದರೆ ಒಳಗಿನ ಗುಣಾಂಕಗಳನ್ನು ಸ್ವಲ್ಪ ತಿದ್ದಲಾಗುತ್ತದೆ. ಹೀಗೆ ಲಕ್ಷಗಟ್ಟಲೆ ಬಾರಿ. ಆಮೇಲೆ ಯಂತ್ರ ಹಿಂದೆಂದೂ ಕಾಣದ 491 ಸ್ಕ್ಯಾನ್‌ಗಳನ್ನು ಕೊಟ್ಟು ಇನ್ನೊಂದು ಪರೀಕ್ಷೆ ಮಾಡಿದರು. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ರಕ್ತಸ್ರಾವ ಗುರುತಿಸುವುದರಲ್ಲಿ ಈ ಎರಡನೇ ಪರೀಕ್ಷೆಯ ಅಂಕ 0.94. ಇದನ್ನು ನೂರಕ್ಕೆ 94 ಸರಿ ಎಂದು ಓದಬಾರದು. ರಕ್ತಸ್ರಾವವಿರುವ ಒಂದು ಸ್ಕ್ಯಾನ್, ಇಲ್ಲದಿರುವ ಒಂದು ಸ್ಕ್ಯಾನ್ ಹೀಗೆ ಜೋಡಿಯಾಗಿ ಕೊಡುತ್ತಾ ಹೋದರೆ ನೂರು ಜೋಡಿಗಳಲ್ಲಿ 94ರಲ್ಲಿ ಯಂತ್ರ ರಕ್ತಸ್ರಾವದ ಸ್ಕ್ಯಾನಿಗೇ ಹೆಚ್ಚಿನ ಅಂಕ ಕೊಡುತ್ತದೆ ಎಂದು ಅದರ ಅರ್ಥ.

ಆ 491 ಸ್ಕ್ಯಾನ್‌ಗಳ 'ಸರಿ ಉತ್ತರ' ಯಾರು ಹೇಳಿದ್ದು ಗೊತ್ತೇ? ಮೂವರು ಹಿರಿಯ ರೇಡಿಯಾಲಜಿಸ್ಟರು ಪ್ರತ್ಯೇಕವಾಗಿ ಓದಿ, ಬಹುಮತ ಬಂದದ್ದನ್ನು ಸರಿಯೆಂದು ಒಪ್ಪಿಕೊಂಡರು. ತಜ್ಞರೇ ಕೆಲವೆಡೆ 2-1 ಎಂದು ಒಡೆಯುವ ವಿಷಯ ಇದು. ನಮ್ಮ ಹುಡುಗರು ಯಂತ್ರಕ್ಕೆ 'ಸತ್ಯ ಗೊತ್ತು' ಎನ್ನುವಾಗ ನನಗೆ ಈ ಬಹುಮತದ ವಿಚಾರ ನೆನಪಾಗುತ್ತದೆ.

ಸಾಲಿನಲ್ಲಿ ಮುಂದೆ ತರುವ ಕೆಲಸ

ಇಷ್ಟಾದರೂ, ವೈದ್ಯರಿಗೇ ಓದಲು ಬರುವಾಗ ಯಂತ್ರವೇಕೆ? ಈ ಪ್ರಶ್ನೆಗೆ ನಾನು ಓದಿದವುಗಳಲ್ಲಿ ಅತ್ಯಂತ ಸ್ಪಷ್ಟವಾದ ಉತ್ತರ ಅಮೆರಿಕದ ಪೆನ್ಸಿಲ್ವೇನಿಯಾದ ಗೈಸಿಂಗರ್ ಆಸ್ಪತ್ರೆ ಸಮೂಹದ ಅಧ್ಯಯನದಲ್ಲಿದೆ. ಅದೂ 2018ರದ್ದೇ.

ದೊಡ್ಡ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟರ ಮುಂದೆ ಸ್ಕ್ಯಾನ್‌ಗಳ ಸಾಲು ಇರುತ್ತದೆ. 'ತುರ್ತು' ಎಂದು ಬರೆದವು ಮೊದಲು, 'ಸಾಮಾನ್ಯ' ಎಂದು ಬರೆದವು ಆಮೇಲೆ. ಹಾಗೆ ಬರೆಯುವುದು ಸ್ಕ್ಯಾನಿಗೆ ಕಳುಹಿಸಿದ ವೈದ್ಯರು, ಅದೂ ಸ್ಕ್ಯಾನ್ ಆಗುವ ಮುಂಚೆಯೇ. ಹಾಗಾಗಿ 'ಸ್ವಲ್ಪ ತಲೆಸುತ್ತು' ಎಂದು ಬಂದ ವೃದ್ಧರೊಬ್ಬರ ತಲೆಯೊಳಗೆ ರಕ್ತ ಸೋರುತ್ತಿದ್ದರೂ ಅವರ ಸ್ಕ್ಯಾನ್ ಸಾಲಿನ ಕೊನೆಯಲ್ಲಿ ಕಾಯುತ್ತಿರುತ್ತದೆ.

ಗೈಸಿಂಗರಿನವರು 37 ಸಾವಿರ ಸ್ಕ್ಯಾನ್‌ಗಳಿಂದ ಕಲಿಸಿದ ಯಂತ್ರವನ್ನು ಈ 'ಸಾಮಾನ್ಯ' ಸಾಲಿನ ಬಾಗಿಲಲ್ಲಿ ಕೂರಿಸಿದರು. ಬಂದ 347 ಸ್ಕ್ಯಾನ್‌ಗಳಲ್ಲಿ ಅದು 94ನ್ನು ಆರಿಸಿ 'ಇವು ತುರ್ತು' ಎಂದು ಮೇಲಕ್ಕೆ ತಂದಿತು. ರೇಡಿಯಾಲಜಿಸ್ಟರು ನೋಡಿದಾಗ 60ರಲ್ಲಿ ನಿಜಕ್ಕೂ ರಕ್ತಸ್ರಾವವಿತ್ತು. ಅವುಗಳಲ್ಲಿ ಐದು ಅದುವರೆಗೆ ಯಾರಿಗೂ ಗೊತ್ತಿರದ ಹೊಸ ಪ್ರಕರಣಗಳು. ಸಾಮಾನ್ಯ ಸಾಲಿನಲ್ಲಿ ವರದಿಗೆ ಹಿಡಿಯುತ್ತಿದ್ದ ಸಮಯದ ಮಧ್ಯಾಂಕ 512 ನಿಮಿಷ. ಯಂತ್ರ ಮೇಲಕ್ಕೆ ತಂದವುಗಳಿಗೆ 19 ನಿಮಿಷ.

ಎಂಟೂವರೆ ಗಂಟೆಯ ಕಾಯುವಿಕೆ ಇಪ್ಪತ್ತು ನಿಮಿಷದೊಳಕ್ಕೆ ಬಂತು. ಯಂತ್ರ ರೇಡಿಯಾಲಜಿಸ್ಟರಿಗಿಂತ ಚೆನ್ನಾಗಿ ಓದಿತೇ? ಇಲ್ಲ, ಅದರ ಓದು ಅವರಿಗಿಂತ ಒರಟು. ಅದು ಬದಲಿಸಿದ್ದು ಸಾಲಿನ ಕ್ರಮವನ್ನು ಮಾತ್ರ. ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ ತುಂಬು ಗರ್ಭಿಣಿಯನ್ನು ಕಂಡು "ಇವರನ್ನು ಮುಂದೆ ಬಿಡಿ" ಎನ್ನುವ ಒಬ್ಬರು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೋ ಅಷ್ಟು.

ಮೇಲಕ್ಕೆ ಬಂದ 94ರಲ್ಲಿ 34 ಸುಳ್ಳು ಎಚ್ಚರಿಕೆಗಳು ಎಂಬುದನ್ನೂ ಗಮನಿಸಿದಿರಾ? ಇಲ್ಲಿ ದ್ವಿತೀಯ ಪಿಯುಸಿ ಗಣಿತದ ಬೇಯ್ಸ್ ಪ್ರಮೇಯ ಬೇಕಾಗುತ್ತದೆ. "ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತದೆ" ಎಂದು ಗಣಿತದ ಮೇಡಂ ಬಳಿ ಕೇಳುವವರು ಸ್ವಲ್ಪ ಲೆಕ್ಕ ಹಾಕೋಣ. ಅಂಕಿಗಳು ಕಲಿಕೆಗಾಗಿ ನಾನೇ ಇಟ್ಟುಕೊಂಡವು. ಒಂದು ಯಂತ್ರ ರಕ್ತಸ್ರಾವವಿರುವ ನೂರರಲ್ಲಿ 90ನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 10ಕ್ಕೆ ಸುಳ್ಳು ಎಚ್ಚರಿಕೆ ಕೊಡುತ್ತದೆ ಎಂದುಕೊಳ್ಳಿ. ತುರ್ತು ಚಿಕಿತ್ಸಾ ವಿಭಾಗದ 1000 ಸ್ಕ್ಯಾನ್‌ಗಳಲ್ಲಿ 100ರಲ್ಲಿ ರಕ್ತಸ್ರಾವವಿದೆ. ಯಂತ್ರ 90ನ್ನು ಸರಿಯಾಗಿ ಹಿಡಿಯುತ್ತದೆ, ಉಳಿದ 900ರಲ್ಲಿ 90ಕ್ಕೆ ಸುಳ್ಳು ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದಾಗ ಅದು ನಿಜವಾಗಿರುವ ಸಂಭವನೀಯತೆ 90/180, ಅಂದರೆ ಅರ್ಧ. ಅದೇ ಯಂತ್ರವನ್ನು 1000ದಲ್ಲಿ 20 ಜನರಿಗೆ ಮಾತ್ರ ರಕ್ತಸ್ರಾವವಿರುವ ಕಡೆ ಇಡಿ. ಈಗ 18 ನಿಜ, 98 ಸುಳ್ಳು. ಸಂಭವನೀಯತೆ 18/116, ನೂರಕ್ಕೆ ಹದಿನೈದೂವರೆ. ಯಂತ್ರ ಬದಲಾಗಿಲ್ಲ, ಅದರ ಮುಂದೆ ಬಂದ ಜನ ಬದಲಾಗಿದ್ದಾರೆ. 'ನಮ್ಮ ಸಾಫ್ಟ್‌ವೇರ್ ನೂರಕ್ಕೆ 90 ನಿಖರ' ಎಂದು ಯಾರಾದರೂ ಮಾರಲು ಬಂದರೆ, ಯಾರ ಮೇಲೆ ಪರೀಕ್ಷಿಸಿದಿರಿ ಎಂದು ಮೊದಲು ಕೇಳಬೇಕು. ಸುಳ್ಳು ಗಂಟೆ ಹೆಚ್ಚಾದರೆ ಕೇಳುವವರು ಅದನ್ನು ಅಲಕ್ಷಿಸಲು ಕಲಿಯುತ್ತಾರೆ, ಪಕ್ಕದ ಮನೆಯ ಕಾರಿನ ಅಲಾರಂ ಕೇಳಿದಂತೆ.

ತಪ್ಪಿಹೋದ ಹತ್ತು ಜನ ಇನ್ನೂ ದೊಡ್ಡ ಚಿಂತೆ. 'ರಕ್ತಸ್ರಾವ ಇಲ್ಲ' ಎಂಬ ಯಂತ್ರದ ಮಾತನ್ನೇ ನಂಬಿ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಏನಾಗುತ್ತದೆ ಎಂದು ಮೇಲೆಯೇ ಹೇಳಿದ್ದೇನೆ. ಆದ್ದರಿಂದ ಇಂತಹ ಸಾಫ್ಟ್‌ವೇರ್‌ಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಡುವಾಗ 'ಇದನ್ನು ಬೇಗ ನೋಡಿ' ಎಂದು ವೈದ್ಯರಿಗೆ ತಿಳಿಸುವ ಕೆಲಸಕ್ಕೆ ಕೊಟ್ಟಿತು, ರೋಗ ನಿರ್ಣಯಿಸುವ ಕೆಲಸಕ್ಕಲ್ಲ. ಕೊನೆಯ ಮಾತು ವೈದ್ಯರದ್ದೇ. ಈ ಗೆರೆ ಸರಿಯಾದ ಜಾಗದಲ್ಲಿದೆ ಎಂದು ನನ್ನ ಅಭಿಪ್ರಾಯ.

ಹೆಪ್ಪನ್ನು ಎಳೆದು ತೆಗೆಯುವವರಿಗೆ

ದೊಡ್ಡ ರಕ್ತನಾಳದ ಹೆಪ್ಪು ಮದ್ದಿಗೆ ಸುಲಭವಾಗಿ ಕರಗುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಮೆದುಳಿನವರೆಗೆ ಸಾಗಿಸಿ, ಹೆಪ್ಪನ್ನು ಹಿಡಿದು ಹೊರಗೆಳೆಯುವ ವಿಧಾನ ಫಲಕಾರಿ ಎಂದು 2015ರಲ್ಲಿ ಸಾಲಾಗಿ ಐದು ಪ್ರಯೋಗಗಳು ಸಾಬೀತು ಮಾಡಿದವು. ಇದನ್ನು ಮಾಡಬಲ್ಲ ತಂಡ ದೊಡ್ಡ ನಗರಗಳಲ್ಲಿ ಮಾತ್ರ ಇರುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆದ ಕೂಡಲೇ ಯಂತ್ರ ಕಟ್ಟಿಕೊಂಡ ನಾಳವನ್ನು ಗುರುತಿಸಿ ದೊಡ್ಡ ಆಸ್ಪತ್ರೆಯ ತಜ್ಞರ ಮೊಬೈಲಿಗೇ ಸಂದೇಶ ಕಳುಹಿಸಿದರೆ, ಒಬ್ಬರಿಂದ ಒಬ್ಬರಿಗೆ ಫೋನ್ ಮಾಡುತ್ತಾ ಕಳೆಯುವ ಸಮಯ ಉಳಿಯುತ್ತದೆ. ಅಮೆರಿಕದ ಹ್ಯೂಸ್ಟನ್ ಪ್ರದೇಶದ ನಾಲ್ಕು ಆಸ್ಪತ್ರೆಗಳಲ್ಲಿ 243 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದಾಗಿನಿಂದ ಚಿಕಿತ್ಸೆ ಶುರುವಾಗುವವರೆಗಿನ ಸಮಯ ಸರಾಸರಿ 11.2 ನಿಮಿಷ ಕಡಿಮೆಯಾಯಿತು. ಹನ್ನೊಂದೇ ನಿಮಿಷವೇ ಎಂದು ನಿಮಗೆ ಅನಿಸಬಹುದು. ಸೇವರ್ ಅವರ ಲೆಕ್ಕದಲ್ಲಿ ಅದು ಎರಡು ಕೋಟಿಗೂ ಹೆಚ್ಚು ನರಕೋಶ. ಪವಾಡದ ಮಾತಾಡುವ ಜಾಹೀರಾತುಗಳಿಗಿಂತ ಇಂತಹ ಸಣ್ಣ, ಪ್ರಾಮಾಣಿಕ ಅಂಕಿ ನನಗೆ ಇಷ್ಟ.

ಇನ್ನೊಂದು ಕಡೆ ಸಾಫ್ಟ್‌ವೇರ್ ಗಡಿಯಾರದ ನಿಯಮವನ್ನೇ ಸಡಿಲಿಸಿದೆ. ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಮಲಗಿದ ಅಜ್ಜ ಬೆಳಿಗ್ಗೆ ಐದಕ್ಕೆ ಫಜ್ರ್ ನಮಾಝಿಗೆ ಎದ್ದು, ವುಝೂ ಮಾಡಲು ಹೋದಾಗ ಬಲಗೈ ಏಳಲಿಲ್ಲ ಎಂದಿಟ್ಟುಕೊಳ್ಳಿ. ಆಘಾತ ಯಾವಾಗ ಆಯಿತು? ಯಾರಿಗೂ ಗೊತ್ತಿಲ್ಲ. ವೈದ್ಯರು ಲೆಕ್ಕ ಹಿಡಿಯುವುದು ಅವರು ಕೊನೆಯ ಬಾರಿ ಸರಿಯಿದ್ದ ಹತ್ತು ಗಂಟೆಯಿಂದ. ಏಳು ಗಂಟೆ ಕಳೆದಿದೆ, ನಾಲ್ಕೂವರೆ ಗಂಟೆಯ ಗಡುವು ಮುಗಿದಿದೆ. ಆದರೆ ಮೆದುಳಿನಲ್ಲಿ ಈಗಾಗಲೇ ಸತ್ತ ಭಾಗವೆಷ್ಟು, ರಕ್ತ ಸಾಲದೆ ಒದ್ದಾಡುತ್ತಿದ್ದರೂ ಇನ್ನೂ ಬದುಕಿರುವ ಭಾಗವೆಷ್ಟು ಎಂದು ವಿಶೇಷ ಸ್ಕ್ಯಾನಿನಿಂದ ಸಾಫ್ಟ್‌ವೇರ್ ಅಳೆದು ಕೊಡುತ್ತದೆ. ಉಳಿಸಬಹುದಾದ ಭಾಗ ಸಾಕಷ್ಟಿದ್ದರೆ ಹೆಪ್ಪು ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರ ಎರಡು ಪ್ರಯೋಗಗಳು ತೋರಿಸಿದವು. ಎಲ್ಲರಿಗೂ ಅಲ್ಲ, ಆಯ್ದ ಕೆಲವರಿಗೆ. "ತಡವಾಯಿತು" ಎಂಬ ಒಂದೇ ಮಾತು ಕೇಳಿ ಮನೆಗೆ ಮರಳುತ್ತಿದ್ದವರಲ್ಲಿ ಕೆಲವರು ಈಗ ಎದ್ದು ನಡೆಯುತ್ತಿದ್ದಾರೆ.

ನಮ್ಮ ದೇಶದಲ್ಲಿ

ಅಸ್ಸಾಮಿನ ತೇಜ್‌ಪುರದ ಬ್ಯಾಪ್ಟಿಸ್ಟ್ ಕ್ರಿಶ್ಚಿಯನ್ ಆಸ್ಪತ್ರೆಯಂತಹ ಕಡೆ ಕ್ಯೂರ್ ಸಂಸ್ಥೆಯ ಸಾಫ್ಟ್‌ವೇರ್ ಬಳಕೆಯಾಗಿದೆ. ನರರೋಗ ತಜ್ಞರು ಕೈಗೆಟುಕದ ಊರುಗಳಲ್ಲಿ ಸಾಮಾನ್ಯ ವೈದ್ಯರಿಗೆ ಇಂತಹ ಎರಡನೇ ಓದು ಧೈರ್ಯ ಕೊಡುತ್ತದೆ. ನಮ್ಮಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮವೂ ಇದೇ ದಿಕ್ಕಿನದು: ತಜ್ಞತೆಯನ್ನು ಜಿಲ್ಲೆಗೆ ಇಳಿಸುವುದು.

ಆದರೆ ಹೊರದೇಶದ ಯಂತ್ರವನ್ನು ತಂದು ಇಲ್ಲಿ ನೇರವಾಗಿ ಕೂರಿಸಲಾಗದು. ಹಂದಿ ಲಾಡಿಹುಳದ ಮರಿಗಳು ಮೆದುಳು ಸೇರಿ ಸತ್ತು ಸುಣ್ಣಗಟ್ಟಿದ ಚುಕ್ಕೆಗಳು ಭಾರತೀಯರ ಸ್ಕ್ಯಾನ್‌ಗಳಲ್ಲಿ ಅಪರೂಪವಲ್ಲ. ಈ ಹುಳದ ಮೊಟ್ಟೆ ಕಲುಷಿತ ನೀರು, ಸೊಪ್ಪು ತರಕಾರಿಯ ಮೂಲಕವೂ ಬರುವುದರಿಂದ ಹಂದಿಮಾಂಸ ಮುಟ್ಟದವರಲ್ಲೂ ಕಾಣುತ್ತದೆ. ಸುಣ್ಣದ ಚುಕ್ಕೆಯೂ ಬಿಳಿ, ರಕ್ತವೂ ಬಿಳಿ. ಇಂತಹ ಚುಕ್ಕೆಗಳನ್ನು ಹೆಚ್ಚಾಗಿ ಕಾಣದೆ ಕಲಿತ ಯಂತ್ರ ಇಲ್ಲಿ ತಬ್ಬಿಬ್ಬಾಗಬಹುದು. ಭಾರತದ ಸ್ಕ್ಯಾನ್‌ಗಳಿಂದಲೇ ಕಲಿತ ಯಂತ್ರ ಬೇಕು ಎನ್ನುವುದಕ್ಕೆ ಇದು ಒಂದು ಕಾರಣ.

ಆಸ್ಪತ್ರೆಗೆ ತಲುಪುವ ಮುಂಚೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ರೋಗಿ ಸ್ಕ್ಯಾನ್ ಯಂತ್ರದೊಳಗೆ ಮಲಗಿದ ನಂತರದ ಮಾತು. ಅದಕ್ಕೆ ಮುಂಚಿನ ಗಂಟೆಗಳನ್ನು ಯಾವ ಸಾಫ್ಟ್‌ವೇರ್ ಕೂಡ ಉಳಿಸುವುದಿಲ್ಲ. ನಾನು ಬಲ್ಲ ಒಂದು ಮನೆಯಲ್ಲಿ ಮಗ್ರಿಬ್ ಹೊತ್ತಿಗೆ ತಾಯಿಯ ಬಾಯಿ ಸೊಟ್ಟಗಾಗಿತ್ತು. ಎಣ್ಣೆ ಹಚ್ಚಿ ತಿಕ್ಕಿದರು, ಹಿರಿಯರೊಬ್ಬರು ಹೇಳಿದ ನಾಟಿ ಮದ್ದು ತರಲು ಒಬ್ಬ ಮಗ ಹೋದ, ಬೆಳಗಾಗಲಿ ಎಂದು ಕಾದರು. ಪ್ರೀತಿ ಇಲ್ಲದ ಮನೆಯಲ್ಲ ಅದು. ಮರುದಿನ ಅವರನ್ನು ಸೇರಿಸಿದ ಆಸ್ಪತ್ರೆಯಲ್ಲಿ ಒಳ್ಳೆಯ ಯಂತ್ರಗಳಿದ್ದವು. ಆ ತಾಯಿ ಬದುಕಿದ್ದಾರೆ, ಮಾತು ಮಾತ್ರ ಇನ್ನೂ ಬಂದಿಲ್ಲ.

ಮುಖದ ಒಂದು ಬದಿ ಜಾರಿದೆಯೇ ಎಂದು ನಗಲು ಹೇಳಿ ನೋಡಿ. ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಬೀಳುತ್ತದೆಯೇ? ಒಂದು ವಾಕ್ಯ ಹೇಳಿಸಿ, ತೊದಲುತ್ತದೆಯೇ? ಇದ್ದಕ್ಕಿದ್ದಂತೆ ಸಮತೋಲನ ತಪ್ಪುವುದು, ದೃಷ್ಟಿ ಮಸುಕಾಗುವುದು, ಎಂದೂ ಬಾರದಂತಹ ಘೋರ ತಲೆನೋವು ಕೂಡ ಲಕ್ಷಣಗಳೇ. ಒಂದು ಕಂಡರೂ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಿ. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಹೊರಡಿ, ಅದು ದೊಡ್ಡದರ ಮುನ್ಸೂಚನೆ ಆಗಿರಬಹುದು. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೇಳಿ ತಿಳಿದ ಆಸ್ಪಿರಿನ್ ಮಾತ್ರೆಯನ್ನು ಇಲ್ಲಿ ಮನೆಯಲ್ಲೇ ಕೊಡಲೇಬಾರದು. ಏಕೆಂದು ಈಗ ನಿಮಗೆ ಗೊತ್ತು: ಒಳಗಿರುವುದು ಹೆಪ್ಪೋ ರಕ್ತಸ್ರಾವವೋ ಎಂದು ಸ್ಕ್ಯಾನ್ ಇನ್ನೂ ಹೇಳಿಲ್ಲ. ಕೊನೆಯ ಬಾರಿ ಸರಿಯಿದ್ದ ಸಮಯವನ್ನು ಮಾತ್ರ ಮೊಬೈಲಿನಲ್ಲೋ ಕೈ ಮೇಲೋ ಬರೆದುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದನ್ನು. ಮನೆಯ ಹಿರಿಯರ ಬಿ.ಪಿ. ಕೊನೆಯ ಬಾರಿ ನೋಡಿಸಿದ್ದು ಯಾವಾಗ ಎಂದು ಇವತ್ತೇ ಕೇಳಿ. ಎರಡೂ ಬಗೆಯ ಲಕ್ವಕ್ಕೆ ಅತಿ ದೊಡ್ಡ ಕಾರಣ ರಕ್ತದೊತ್ತಡ.

ಅಭ್ಯಾಸಕ್ಕೆ: ಮೇಲಿನ ಊಹೆಯ ಯಂತ್ರವನ್ನೇ 1000 ಸ್ಕ್ಯಾನ್‌ಗಳಲ್ಲಿ 50ರಲ್ಲಿ ರಕ್ತಸ್ರಾವವಿರುವ ಆಸ್ಪತ್ರೆಯಲ್ಲಿ ಇಟ್ಟರೆ, ಗಂಟೆ ಬಾರಿಸಿದಾಗ ಅದು ನಿಜವಾಗಿರುವ ಸಂಭವನೀಯತೆ ಎಷ್ಟು? ಗೈಸಿಂಗರಿನ 94ರಲ್ಲಿ 60 ಎಂಬುದನ್ನು ಇದರ ಜೊತೆ ಹೋಲಿಸಿ, ಆ ಆಸ್ಪತ್ರೆಯ ಸಾಲಿನಲ್ಲಿ ರಕ್ತಸ್ರಾವ ಎಷ್ಟು ಸಾಮಾನ್ಯವಾಗಿದ್ದಿರಬೇಕು ಎಂದು ಊಹಿಸಿ. ಉತ್ತರವನ್ನು ಲೆಕ್ಕದ ಹಂತಗಳ ಸಮೇತ ಮುಂದಿನ ಸಂಚಿಕೆಯ ಮೊದಲು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತಂದುಕೊಡಿ. ಕಂಪ್ಯೂಟರ್ ವಿಜ್ಞಾನದವರಿಗೆ ಇನ್ನೊಂದು: ಆ 491 ಸ್ಕ್ಯಾನ್‌ಗಳನ್ನು ಹೆಸರು, ಗುರುತು ತೆಗೆದು ಸಂಶೋಧನೆಗೆಂದು ಮುಕ್ತವಾಗಿ ಇಟ್ಟಿದ್ದಾರೆ. ಒಂದು ಪದರವನ್ನು ತೆರೆದು 50ರಿಂದ 80ರ ನಡುವಿನ ಬಿಂದುಗಳಿಗೆ ಮಾತ್ರ ಕೆಂಪು ಬಣ್ಣ ಹಚ್ಚುವ ಸಣ್ಣ ಪ್ರೋಗ್ರಾಂ ಬರೆಯಿರಿ. ರಕ್ತದ ಜೊತೆ ಇನ್ನೇನೆಲ್ಲ ಕೆಂಪಾಗುತ್ತದೆ ಎಂದು ಪಟ್ಟಿ ಮಾಡಿ.